ನೀಲ್ ಗೌ ಕಟ್ಟಿದ ಶೋಕದ ಮಟ್ಟು

ಪ್ರಿಯ ಓದುಗರೆ,

ಸ್ಕಾಟ್ಲೆಂಡಿನ ‘ನೀಲ್ ಗೌಸ್ ಲಮೆಂಟ್ ಫಾರ್ ದ ಡೆತ್ ಆಫ್ ಹಿಸ್ ಸೆಕೆಂಡ್ ವೈಫ್’ (ಎರಡನೆಯ ಹೆಂಡತಿಯ ಸಾವಿಗೆ ನೀಲ್ ಗೌನ ಶೋಕ) ಎಂಬ ಪಿಟೀಲು ಮಟ್ಟು ಜಾನಪದವೇ, ಸ್ಟ್ರಾತ್‌ಸ್ಪೇ ಎಂಬ ಕುಣಿತದ ಮಟ್ಟುಗಳ ಜಾತಿಗೆ ಸೇರಿದ್ದೇ, ಕರ್ನಾಟಕ ಸಂಗೀತ ಕಲಿಯುತ್ತಿರುವ ನೀವು ಅದನ್ನು ನುಡಿಸಬಹುದೇ ಎಂದು ಕೇಳಿದ್ದೀರಿ.

ಅದು ಜಾನಪದವಲ್ಲ. ಕಟ್ಟಿದವನು ನೀಲ್ ಗೌ (1727–1807). ಪರ್ತ್‌ಶೈರಿನ ಡನ್‌ಕೆಲ್ಡ್ ಬಳಿಯ ಇನ್ವರ್ ಎಂಬ ಹಳ್ಳಿಯಲ್ಲಿದ್ದ ಈತನಿಗೆ ಅಥಾಲ್ ಡ್ಯೂಕರ ಆಶ್ರಯವಿತ್ತು. ಅವರ ಕುಣಿತದ ಕೂಟಗಳಲ್ಲಿ ನುಡಿಸಿಯೇ ಹೆಸರಾದವನು. ಮೊದಲ ಹೆಂಡತಿ ತೀರಿಕೊಂಡ ಮೇಲೆ 1768ರಲ್ಲಿ ಪರ್ತ್ ಊರಿನ ಮಾರ್ಗರೆಟ್ ಅರ್ಕಹಾರ್ಟಳನ್ನು ಮದುವೆಯಾದ. ಮೂವತ್ತು ವರ್ಷಕ್ಕೂ ಮೀರಿದ ಸಂಸಾರದ ನಂತರ 1805ರಲ್ಲಿ ಆಕೆಯೂ ತೀರಿಕೊಂಡಳು. ಈ ಮಟ್ಟು ಅವಳಿಗಾಗಿ ಕಟ್ಟಿದ್ದು. ಅಚ್ಚಾದದ್ದು ಗೌ ತೀರಿಕೊಂಡ ಮೇಲೆ, 1809ರಲ್ಲಿ ಬಂದ ‘ಸ್ಟ್ರಾತ್‌ಸ್ಪೇ, ರೀಲ್’ ಮಟ್ಟುಗಳ ಐದನೆಯ ಸಂಕಲನದಲ್ಲಿ. ಗೌ ಮನೆತನದ ಸಂಕಲನಗಳಲ್ಲಿ ಬೇರೆಯವರ ಮಟ್ಟುಗಳೂ ಹೆಸರಿಲ್ಲದೆ ಸೇರಿಕೊಂಡಿದ್ದುಂಟು. ಆ ಬಗ್ಗೆ ವಿಲಿಯಂ ಮಾರ್ಷಲ್ ಎಂಬ ಸಮಕಾಲೀನ ಪಿಟೀಲುಗಾರ ತಕರಾರು ಎತ್ತಿದ್ದ. ಇಲ್ಲಿ ಮಾತ್ರ ಕರ್ತೃವಿನ ಹೆಸರು ಶೀರ್ಷಿಕೆಯಲ್ಲೇ ಇದೆ. ‘ಸಾಂಪ್ರದಾಯಿಕ’ ಎಂದಷ್ಟೇ ಬರೆದು ಅವನ ಹೆಸರನ್ನು ಬಿಟ್ಟುಬಿಡುವುದು ಅನ್ಯಾಯ.

ಸ್ಟ್ರಾತ್‌ಸ್ಪೇ ಎಂಬ ಗೊಂದಲ ಸಂಕಲನದ ಹೆಸರಿನಿಂದ ಬಂದಿರಬೇಕು. ಸ್ಟ್ರಾತ್‌ಸ್ಪೇ ನಾಲ್ಕು ಮಾತ್ರೆಯ ಕುಣಿತದ ಮಟ್ಟು. ಮೊದಲ ಸ್ವರ ಚುಟುಕಾಗಿ, ಮುಂದಿನದು ಉದ್ದವಾಗಿ ಬೀಳುವ ಒಂದು ಬಗೆಯ ಜರ್ಕು ಅದರ ಜೀವ. ಈ ಶೋಕಗೀತವಾದರೋ ಆರೆಂಟರ (6/8) ಲೆಕ್ಕದ ವಿಳಂಬ ಮಟ್ಟು. ‘ತಕಿಟ ತಕಿಟ’ ಎಂದು ಮೂರು ಮೂರಾಗಿ ಎಣಿಸಿ. ಪ್ರತಿ ‘ತಕಿಟ’ವೂ ಒಂದೊಂದು ಪೆಟ್ಟು, ನಿಮಿಷಕ್ಕೆ ಸುಮಾರು 40 ಪೆಟ್ಟು ಸಾಕು. ಇನ್ನೂ ನಿಧಾನವಾದರೆ ಸ್ವರಗಳು ಬಿಡಿಬಿಡಿಯಾಗಿ ನಿಂತು ವಾಕ್ಯ ಒಡೆದುಹೋಗುತ್ತದೆ.

ಮಟ್ಟು ಡಿ ಸ್ವರವನ್ನು ಆಧಾರವಾಗಿಟ್ಟ ‘ಡಿ ಮೇಜರ್’ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿದೆ, ಸ್ವರಸ್ಥಾನಗಳು ಶಂಕರಾಭರಣದವು. ಎರಡು ಕಟ್ಟೆ ಶ್ರುತಿಗೆ, ಅಂದರೆ ಡಿಗೆ, ಸ ಇಟ್ಟುಕೊಳ್ಳಿ. ಸ್ಕಾಟಿಷ್ ಪಿಟೀಲಿನ ನಡುವಿನ ಡಿ, ಎ ತಂತಿಗಳು ನಿಮ್ಮ ಎರಡನೆಯ ಮತ್ತು ಒಂದನೆಯ ತಂತಿಗಳ ಸ, ಪ ಆಗಿಯೇ ಸಿಗುತ್ತವೆ. ಹಾಗಾಗಿ ಮೊದಲ ಭಾಗಕ್ಕೆ ಬೇರೆ ತಂತಿಯ ಗೋಜಿಲ್ಲ. ಎರಡನೆಯ ಭಾಗ ಮೇಲಕ್ಕೇರುತ್ತದೆ. ಅವರಿಗೆ ಅಲ್ಲಿ ಇ ತಂತಿ ಇದೆ, ಅದನ್ನು ಬೆರಳಿಡದೆ ನುಡಿಸಿದರೆ ತಾರ ರಿಷಭ. ನೀವು ಒಂದನೆಯ ತಂತಿಯ ಮೇಲೆಯೇ ಕೈ ಜಾರಿಸಿ ಹೋಗಬೇಕು. ಇ ಸ್ವರಕ್ಕೆ ತರಲೆಂದು ತಂತಿಯನ್ನು ಒಂದೇ ಸಲ ಬಿಗಿಯಬೇಡಿ, ಕಡಿದೀತು.

ಕಮಾನಿನ ವಿಷಯದಲ್ಲಿ ಎಚ್ಚರ ಬೇಕು. ಮೂರು ಸ್ವರಕ್ಕೆ ಒಂದೇ ಎಳೆತವಿರಲಿ. ಸ್ವರಕ್ಕೊಂದರಂತೆ ಎಳೆದರೆ ಪ್ರತಿ ಸ್ವರದ ಮೇಲೂ ಒತ್ತು ಬಿದ್ದು ಕುಣಿತದ ಮಟ್ಟಾಗಿಬಿಡುತ್ತದೆ. ಕರ್ನಾಟಕ ಪದ್ಧತಿಯವರು ಹೆಚ್ಚಾಗಿ ಎಡವುವುದು ಗಾಂಧಾರ, ನಿಷಾದಗಳಲ್ಲಿ. ಅಭ್ಯಾಸಬಲದಿಂದ ಬೆರಳು ಅಲುಗುತ್ತದೆ, ಸ್ವರ ಮೇಲಿನ ಮಧ್ಯಮ, ಷಡ್ಜಗಳ ಕಡೆ ವಾಲುತ್ತದೆ. ಇಲ್ಲಿ ಅವೆರಡೂ ಅಲುಗದೆ ನಿಲ್ಲಬೇಕು. ಉದ್ದ ಸ್ವರಕ್ಕೆ ಮುಂಚೆ ಮೇಲಿನ ಸ್ವರವನ್ನು ಒಮ್ಮೆ ಸೋಕಿಸಿ ಬಿಟ್ಟರೆ ಅಲಂಕಾರಕ್ಕೆ ಅಷ್ಟೇ ಸಾಕು.

— ಸಂಪಾದಕ