‘ಹೌ ಐ ಮೆಟ್ ಯುವರ್ ಮದರ್’ ಕೊನೆಯ ಸೀಸನ್ ಏಕೆ ಅಷ್ಟು ನಿರಾಸೆ ಮೂಡಿಸಿತು?

ಮೈಸೂರಿನ ಹಾಸ್ಟೆಲಿನಲ್ಲಿ ಗೆಳತಿಯರೊಡನೆ ಒಂಬತ್ತೂ ಸೀಸನ್ ನೋಡಿ ಮುಗಿಸಿದ ನಿಮಗೆ ಮೋಸಹೋದಂತೆ ಅನಿಸಿದ್ದಕ್ಕೆ ಕಾರಣವಿಷ್ಟೇ: ಮುಕ್ತಾಯವನ್ನು ಮೊದಲೇ ಚಿತ್ರೀಕರಿಸಿ ಇಟ್ಟಿದ್ದರು, ಕಥೆ ಅದನ್ನು ದಾಟಿ ಬೆಳೆದುಬಿಟ್ಟಿತ್ತು.

2005ರಲ್ಲಿ ಆರಂಭವಾದ ಈ ಹಾಸ್ಯ ಧಾರಾವಾಹಿಯಲ್ಲಿ ಟೆಡ್ ತಾನು ಮಡದಿಯನ್ನು ಕಂಡ ಬಗೆಯನ್ನು ಮಕ್ಕಳಿಗೆ ಹೇಳುತ್ತಾನೆ; ಆ ಮಕ್ಕಳ ಪಾತ್ರಧಾರಿಗಳು ಬೆಳೆದು ದೊಡ್ಡವರಾಗಿಬಿಡುತ್ತಾರೆಂದು ಅವರ ಅಂತಿಮ ಪ್ರತಿಕ್ರಿಯೆಯನ್ನು ಆರಂಭದ ವರ್ಷಗಳಲ್ಲೇ ಸೆರೆಹಿಡಿಯಲಾಯಿತು. ಅದರಂತೆ ತಾಯಿ ತೀರಿಕೊಂಡಿರಬೇಕು, ಟೆಡ್ ಮತ್ತೆ ತನ್ನ ಹಳೆಯ ಪ್ರೇಯಸಿ ರಾಬಿನ್ ಬಳಿಗೆ ಹೋಗಬೇಕು. ಆದರೆ ನಡುವಿನ ವರ್ಷಗಳಲ್ಲಿ ಬರಹಗಾರರು ರಾಬಿನ್ ಮತ್ತು ಟೆಡ್‌ನ ಗೆಳೆಯ ಬಾರ್ನಿಯರನ್ನು ಒಂದುಗೂಡಿಸಿದ್ದರು. ಕೊನೆಯ ಸೀಸನ್ನಿನ ಬಹುಭಾಗವನ್ನು ಅವರ ಮದುವೆಯ ಎರಡು ಮೂರು ದಿನಗಳಿಗೇ ಮೀಸಲಿಟ್ಟು, 2014ರ ಅಂತಿಮ ಸಂಚಿಕೆಯಲ್ಲಿ ಆ ಮದುವೆಯನ್ನು ಕೆಲವೇ ನಿಮಿಷಗಳಲ್ಲಿ ಮುರಿದರು. ಎಂಟು ವರ್ಷ ಕಾಯಿಸಿ ತಂದ ತಾಯಿಯ ಸಾವೂ ಅಷ್ಟೇ ಅವಸರದಲ್ಲಿ ಮುಗಿಯಿತು, ಇದು ನನಗಂತೂ ಹೆಚ್ಚು ನೋವು ಕೊಟ್ಟ ಭಾಗ.

ಜಂಬೂಸವಾರಿ ಹೊರಡುವ ಮುನ್ನವೇ ಅದು ಬನ್ನಿಮಂಟಪ ತಲುಪಬೇಕೆಂಬುದು ನಿಶ್ಚಿತ. ವರ್ಷದಿಂದ ವರ್ಷಕ್ಕೆ ಬರೆಯುತ್ತ ಹೋಗುವ ಧಾರಾವಾಹಿಗೆ ಅಂಥ ನಿಶ್ಚಿತ ದಾರಿ ಇರುವುದಿಲ್ಲ. ಪಾತ್ರಗಳು ಬೇರೆಡೆಗೆ ಹೊರಳಿದ್ದರೂ ಹಳೆಯ ದೃಶ್ಯವನ್ನೇ ಉಳಿಸಿಕೊಂಡದ್ದರಿಂದ, ನೋಡುಗರು ನಂಬಿದ್ದ ಬೆಳವಣಿಗೆಯೇ ಸುಳ್ಳಾದಂತೆ ಕಂಡಿತು.