ಬಾವಲಿಯ ಮೈಮೇಲೆ ಓಡಾಡುವ ಜೇಡದಂಥ ಹುಳು ನಿಜಕ್ಕೂ ನೊಣವೇ? ರೆಕ್ಕೆಯೇ ಇಲ್ಲವಲ್ಲ!

ಹೌದು, ನೊಣವೇ. ಕಾಲು ಎಣಿಸಿ ನೋಡಿ, ಆರೇ ಇರುತ್ತವೆ. ಜೇಡಕ್ಕೆ ಎಂಟು ಅಲ್ವಾ? ಇವು ನಿಕ್ಟೆರಿಬಿಯಿಡೇ ಕುಟುಂಬದವು, ಆಫ್ರಿಕಾದ ಸೆಟ್ಸೆ ನೊಣದ ಸಂಬಂಧಿಗಳು. ಉದ್ದ ಕೆಲವೇ ಮಿಲಿಮೀಟರ್. ಊಟ ಬಾವಲಿಯ ರಕ್ತ ಮಾತ್ರ.

ತುಪ್ಪಳದೊಳಗೇ ಬದುಕುವ ಜೀವಕ್ಕೆ ರೆಕ್ಕೆ ಅಡ್ಡಿಯೇ ಹೊರತು ಉಪಯೋಗವಿಲ್ಲ. ಬೇಕಾಗಿರುವುದು ಹಿಡಿತ. ಅದಕ್ಕೇ ಕಾಲಿನ ತುದಿಯಲ್ಲಿ ಬಲವಾದ ಕೊಕ್ಕೆಗಳಿವೆ, ಮೈಮೇಲೆ ಬಾಚಣಿಗೆಯ ಹಲ್ಲಿನಂಥ ಮುಳ್ಳುಸಾಲುಗಳಿವೆ. ಪುಟ್ಟ ತಲೆ ಬೆನ್ನಿನ ಮೇಲಕ್ಕೆ ಮಡಚಿಕೊಂಡಿರುತ್ತದೆ. ಆದರೂ ಹಾರುವ ನೊಣಗಳಲ್ಲಿ ಸಮತೋಲನ ಕಾಯುವ ಗುಬುಟಿನಂಥ ಸಣ್ಣ ಅಂಗಗಳು ಇವುಗಳಲ್ಲಿ ಇನ್ನೂ ಉಳಿದಿವೆ. ಪೂರ್ವಜರು ಹಾರುತ್ತಿದ್ದರು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕೇ?

ನನಗೆ ಎಲ್ಲಕ್ಕಿಂತ ಜಾಸ್ತಿ ಬೆರಗು ಹುಟ್ಟಿಸುವುದು ಇವು ಮರಿ ಮಾಡುವ ರೀತಿ. ತಾಯಿ ಮೊಟ್ಟೆಗಳನ್ನು ಹೊರಗೆ ಇಡುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಹುಳು ಅವಳ ಹೊಟ್ಟೆಯೊಳಗೆ, ಹಾಲಿನಂಥ ದ್ರವ ಕುಡಿದು ಪೂರ್ತಿ ಬೆಳೆಯುತ್ತದೆ. ಆಮೇಲೆ ಅವಳು ಬಾವಲಿಯಿಂದ ಇಳಿದು, ಹತ್ತಿರದ ಗೋಡೆಗೋ ಬಂಡೆಗೋ ಅದನ್ನು ಅಂಟಿಸಿ, ಮತ್ತೆ ಬಾವಲಿಯ ಮೈ ಸೇರುತ್ತಾಳೆ. ಅಂಟಿದ ಮರಿ ಬೇಗನೆ ಗಟ್ಟಿ ಕೋಶವಾಗುತ್ತದೆ. ಕೆಲವು ವಾರಗಳ ನಂತರ ಹೊರಬರುವ ಹೊಸ ನೊಣ ತಡಮಾಡದೆ ಬಾವಲಿಯನ್ನು ಹುಡುಕಿಕೊಳ್ಳಬೇಕು. ರಕ್ತ ಸಿಗದಿದ್ದರೆ ಹೆಚ್ಚು ದಿನ ಬದುಕದು.

ಇವು ಬಾವಲಿಗಳಿಗೇ ಒಗ್ಗಿಕೊಂಡಿರುವುದರಿಂದ ಮನುಷ್ಯರನ್ನು ಕಚ್ಚುವುದು ತೀರಾ ಅಪರೂಪ. ಆದರೆ ಬಾವಲಿಯನ್ನಂತೂ ಬರಿಗೈಯಲ್ಲಿ ಮುಟ್ಟಬೇಡಿ, ರೇಬೀಸ್‌ನಂಥ ರೋಗಗಳ ಅಪಾಯವಿದೆ.