ಓದುಗರ ಪ್ರಶ್ನೆ: ಜಡ್ಜ್ ಆಗಬೇಕಾದವರ ಮೇಲೆ ಆರೋಪ ಬಂದರೆ?

ಹೈಕೋರ್ಟ್ ನ್ಯಾಯಮೂರ್ತಿಗಳ ನೇಮಕ ಹೇಗೆ ನಡೆಯುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿರುವುದು ಒಂದೇ ವಿಷಯ. ಹೆಸರು ಶಿಫಾರಸಾದ ಮೇಲೆ ಆ ವ್ಯಕ್ತಿಯ ಮೇಲೆ ಆರೋಪ ಬಂದರೆ ಏನು ಮಾಡಬೇಕು? ಆಯ್ದ ಕೆಲವು ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: ಜಡ್ಜ್ ಹುದ್ದೆಗೆ ಹೆಸರು ಹೋದವರ ಮೇಲೆ ಗಂಭೀರ ಆರೋಪ ಬಂತು ಅಂದರೆ ಆ ಹೆಸರನ್ನು ಅಲ್ಲಿಗೇ ಕೈಬಿಡಬಹುದಲ್ವಾ? ನಮ್ಮ ಮನೆಯಲ್ಲಿ ಇದರ ಮೇಲೆ ದೊಡ್ಡ ವಾದವೇ ಆಯಿತು. ಬೆಂಕಿ ಇಲ್ಲದೆ ಹೊಗೆ ಬರುತ್ತಾ ಅಂತಾರೆ ಅಪ್ಪ. ಸಾಬೀತಾಗುವ ತನಕ ಯಾರೂ ತಪ್ಪಿತಸ್ಥರಲ್ಲ ಅಂತಾನೆ ಅಣ್ಣ. — ಓದುಗರೊಬ್ಬರು, ತುಮಕೂರು

ಇಬ್ಬರ ವಾದವೂ ನಮ್ಮ ಬೆಂಗಳೂರಿನಲ್ಲೇ, ವಿಧಾನಸೌಧದ ಎದುರಿನ ಕೆಂಪು ಕಟ್ಟಡದಲ್ಲೇ ಪೂರ್ತಿಯಾಗಿ ನಡೆದಿದೆ. ಪಿ.ಡಿ. ದಿನಕರನ್ ಪ್ರಕರಣ ನೆನಪಿದೆಯಾ? 2008ರಲ್ಲಿ ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿ ಬಂದವರು. ಮರುವರ್ಷ ಆಗಸ್ಟ್‌ನಲ್ಲಿ ಆಗಿನ ಭಾರತದ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದ ಕೊಲಿಜಿಯಂ (ಜಡ್ಜ್ ಹುದ್ದೆಗೆ ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಗುಂಪು) ಸುಪ್ರೀಂ ಕೋರ್ಟ್‌ಗೆ ಐದು ಹೆಸರು ಶಿಫಾರಸು ಮಾಡಿತು, ಅದರಲ್ಲಿ ಇವರದ್ದೂ ಒಂದು. ಕೆಲವೇ ದಿನಗಳಲ್ಲಿ ಚೆನ್ನೈನ ವಕೀಲರ ಗುಂಪೊಂದು ದೂರು ಕೊಟ್ಟಿತು. ತಮಿಳುನಾಡಿನ ತಿರುವಳ್ಳೂರು ಜಿಲ್ಲೆಯ ಕಾವೇರಿರಾಜಪುರಂ ಎಂಬ ಹಳ್ಳಿಯಲ್ಲಿ ಸುಮಾರು 200 ಎಕರೆ ಸರ್ಕಾರಿ, ಸಾರ್ವಜನಿಕ ಜಮೀನು ಅವರ ಕುಟುಂಬದ ಸ್ವಾಧೀನದಲ್ಲಿದೆ, ಸುತ್ತ ಬೇಲಿ ಹಾಕಿದ್ದಾರೆ ಎಂಬುದು ಮುಖ್ಯ ಆರೋಪ. ಜಿಲ್ಲಾಧಿಕಾರಿಯ ವರದಿಯೂ ಒತ್ತುವರಿ ಇದೆ ಎಂದಿತು. ದಿನಕರನ್ ಎಲ್ಲವನ್ನೂ ನಿರಾಕರಿಸಿದರು.

ಆಮೇಲೆ ಏನಾಯಿತು ನೋಡಿ. ನವೆಂಬರ್‌ನಲ್ಲಿ ಉಳಿದ ನಾಲ್ವರು ಸುಪ್ರೀಂ ಕೋರ್ಟ್ ಸೇರಿದರು, ಇವರ ಹೆಸರು ಮಾತ್ರ ಅಲ್ಲೇ ನಿಂತಿತು. ಅದೇ ತಿಂಗಳು ಬೆಂಗಳೂರಿನ ವಕೀಲರು ಕಲಾಪ ಬಹಿಷ್ಕರಿಸಿದರು, ಕೋರ್ಟ್ ಹಾಲ್ ಒಳಗೇ ಘೋಷಣೆ ಕೂಗಿದರು. ಡಿಸೆಂಬರ್‌ನಲ್ಲಿ 75 ರಾಜ್ಯಸಭಾ ಸದಸ್ಯರು ಅವರನ್ನು ತೆಗೆಯಬೇಕು ಎಂದು ಸಹಿ ಹಾಕಿ ನೋಟಿಸ್ ಕೊಟ್ಟರು, ಸಭಾಪತಿ ಹಮೀದ್ ಅನ್ಸಾರಿ ಅದನ್ನು ಒಪ್ಪಿದರು (ಕಾನೂನಿನ ಪ್ರಕಾರ ರಾಜ್ಯಸಭೆಯಲ್ಲಿ 50, ಲೋಕಸಭೆಯಲ್ಲಿ 100 ಸಹಿ ಸಾಕು). ಮೂವರ ವಿಚಾರಣಾ ಸಮಿತಿ ಆಯಿತು. 2010ರಲ್ಲಿ ಅವರನ್ನು ಸಿಕ್ಕಿಂ ಹೈಕೋರ್ಟ್‌ಗೆ ವರ್ಗ ಮಾಡಿದರು. ಬೆಂಗಳೂರಿಗೆ ಬೇಡವಾದವರು ಗ್ಯಾಂಗ್ಟಾಕ್‌ಗೆ ಆಗಬಹುದು ಅನ್ನುವ ಲೆಕ್ಕಾಚಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸಿಕ್ಕಿಂ ಜನರಿಗೂ ಕೋರ್ಟ್ ಕೋರ್ಟೇ ಅಲ್ವಾ?

ಇನ್ನು ಆ ಸಮಿತಿಯ ಕಥೆ. ಅದರಲ್ಲಿ ಹಿರಿಯ ವಕೀಲ ಪಿ.ಪಿ. ರಾವ್ ಇದ್ದರು, ದೊಡ್ಡ ಹೆಸರು. ಆದರೆ ಅವರು 2009ರ ನವೆಂಬರ್‌ನಲ್ಲಿ ವಕೀಲರ ಸಭೆಯೊಂದರಲ್ಲಿ ದಿನಕರನ್ ಬಡ್ತಿಯ ವಿರುದ್ಧ ಮಾತಾಡಿದ್ದರು, ಅಲ್ಲಿನ ನಿರ್ಣಯವನ್ನು ಬರೆದುಕೊಟ್ಟವರೂ ಅವರೇ. ಹೀಗಿರುವಾಗ ಇವರು ನಿಷ್ಪಕ್ಷಪಾತವಾಗಿ ವಿಚಾರಿಸುತ್ತಾರೆ ಎಂದು ನಾನು ಹೇಗೆ ನಂಬಲಿ ಎಂದು ದಿನಕರನ್ ಸುಪ್ರೀಂ ಕೋರ್ಟ್‌ಗೆ ಹೋದರು. ತಡವಾಗಿ ಆಕ್ಷೇಪ ಎತ್ತಿದ್ದೀರಿ ಎಂದು ಕೋರ್ಟ್ ಅವರನ್ನು ಟೀಕಿಸಿತು, ಆದರೂ 2011ರ ಜುಲೈ ಮೊದಲ ವಾರ ಆಕ್ಷೇಪ ಸರಿ ಎಂದು ಒಪ್ಪಿ ರಾವ್ ಅವರ ಜಾಗಕ್ಕೆ ಬೇರೆಯವರನ್ನು ಹಾಕಿ ಎಂದಿತು. ವಿಚಾರಣೆ ಮತ್ತೆ ದಾರಿಗೆ ಬರುತ್ತದೆ ಅನ್ನುವಷ್ಟರಲ್ಲಿ, ಅದೇ ಜುಲೈ 29ಕ್ಕೆ ದಿನಕರನ್ ರಾಜೀನಾಮೆ ಕೊಟ್ಟರು. ಸಮಿತಿ 16 ಆರೋಪಗಳನ್ನು ಪಟ್ಟಿ ಮಾಡಿ ಇಟ್ಟಿತ್ತು. ಒಂದಕ್ಕೂ ಉತ್ತರ ಸಿಗಲಿಲ್ಲ.

ನಿಮ್ಮ ಅಪ್ಪ, ಅಣ್ಣ ಇಬ್ಬರಿಗೂ ನಾನು ಹೇಳುವುದು ಇದನ್ನೇ. ಆರೋಪ ಬಂದ ಕೂಡಲೇ ಹೆಸರು ಕಿತ್ತುಹಾಕುವುದೂ ಬೇಡ, ಗೌರವದ ಹೆಸರಲ್ಲಿ ಬಾಯಿ ಮುಚ್ಚಿಸುವುದೂ ಬೇಡ. ಯಾರು ವಿಚಾರಿಸಿದರು, ಎಷ್ಟು ದಿನದಲ್ಲಿ ಮುಗಿಸಿದರು, ಏನು ಕಂಡರು ಅನ್ನುವುದು ಜನರ ಮುಂದೆ ಬರಬೇಕು. ದಿನಕರನ್ ಒತ್ತುವರಿ ಮಾಡಿದ್ದರಾ ಇಲ್ಲವಾ? ನನಗೂ ನಿಮಗೂ ಇದುವರೆಗೆ ಯಾರೂ ಅಧಿಕೃತವಾಗಿ ಹೇಳಿಲ್ಲ. ಅವರು ನಿರಪರಾಧಿಯಾಗಿದ್ದರೆ ಅವರಿಗೆ ಅನ್ಯಾಯ, ಆಗಿರದಿದ್ದರೆ ಆ ಹಳ್ಳಿಯವರಿಗೆ ಅನ್ಯಾಯ. ಇನ್ನೊಂದು ಮಾತು ಅಣ್ಣನಿಗೆ. ಸಾಬೀತಾಗುವ ತನಕ ನಿರಪರಾಧಿ ಅನ್ನುವುದು ಜೈಲಿಗೆ ಕಳಿಸುವ ವಿಷಯದಲ್ಲಿ ಬಹಳ ಮುಖ್ಯ. ಸುಪ್ರೀಂ ಕೋರ್ಟ್ ಜಡ್ಜ್ ಆಗುವುದು ಯಾರ ಹಕ್ಕೂ ಅಲ್ಲ, ಬಡ್ತಿ ತಡವಾದರೆ ಅದು ಶಿಕ್ಷೆಯೂ ಅಲ್ಲ. ಗಂಭೀರ ಪ್ರಶ್ನೆ ಬಂದಿದ್ದರೆ ಉತ್ತರ ಸಿಗುವ ತನಕ ಫೈಲ್ ನಿಲ್ಲಿಸುವುದರಲ್ಲಿ ತಪ್ಪೇನೂ ಇಲ್ಲ. ನಿಲ್ಲಿಸಿ ಮರೆತುಬಿಡುವುದು ತಪ್ಪು.

ಪ್ರಶ್ನೆ: ದಿನಕರನ್ ದಲಿತರಾಗಿದ್ದಕ್ಕೇ ಅಷ್ಟು ಗಲಾಟೆ ಆಯಿತು ಅಂತ ಕೇಳಿದ್ದೇನೆ. ಇದರಲ್ಲಿ ಸತ್ಯ ಇದೆಯಾ? — ಓದುಗರು, ಕೋಲಾರ

ಆ ಮಾತನ್ನು ಅವರೇ ಹೇಳಿದ್ದರು. ತುಳಿತಕ್ಕೆ ಒಳಗಾದ ಸಮುದಾಯದಲ್ಲಿ ಹುಟ್ಟಿದ್ದೇ ನನ್ನ ಕಷ್ಟಕ್ಕೆ ಕಾರಣವಿರಬಹುದು ಎಂಬ ಅನುಮಾನವನ್ನು ರಾಜೀನಾಮೆ ಹೊತ್ತಿನಲ್ಲಿ ಬರೆದಿದ್ದರು. ಹಲವು ದಲಿತ ಸಂಘಟನೆಗಳೂ ಅವರ ಪರ ನಿಂತಿದ್ದವು.

ಈ ಅನುಮಾನವನ್ನು ಸುಮ್ನೆ ತಳ್ಳಿಹಾಕಲು ನಾನು ತಯಾರಿಲ್ಲ. ಸುಪ್ರೀಂ ಕೋರ್ಟ್ ಶುರುವಾಗಿದ್ದು 1950ರಲ್ಲಿ. ಮೊದಲ ದಲಿತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಬಂದಿದ್ದು 2007ರಲ್ಲಿ, ಎರಡನೆಯವರಾದ ಬಿ.ಆರ್. ಗವಾಯಿ ಬಂದಿದ್ದು 2025ರಲ್ಲಿ. ಇಷ್ಟು ವರ್ಷಕ್ಕೆ ಇಬ್ಬರು. ಅಂಥ ಕಡೆ ದಲಿತ ಜಡ್ಜ್ ಒಬ್ಬರ ಮೇಲೆ ಎಲ್ಲರ ಕಣ್ಣು ಬಿದ್ದರೆ ಅನುಮಾನ ಬರುವುದು ಸಹಜ. ಹಾಗಂತ ಕಾವೇರಿರಾಜಪುರಂನ ಸರ್ವೆ ನಂಬರುಗಳ ಪ್ರಶ್ನೆ ಅದರಿಂದ ಮಾಯವಾಗುವುದಿಲ್ಲ. ಅಂಥ ಜಮೀನು ಸಿಗಬೇಕಾದ್ದು ಭೂಮಿ ಇಲ್ಲದವರಿಗೆ, ಅವರಲ್ಲಿ ದಲಿತರೇ ಜಾಸ್ತಿ. ವಿಚಾರಣೆ ಕೊನೆ ಮುಟ್ಟಿದ್ದರೆ ಜಾತಿಯ ಕಾರಣಕ್ಕೆ ಗುರಿ ಮಾಡಿದ್ದು ನಿಜವಾ, ಒತ್ತುವರಿ ಆಗಿದ್ದು ನಿಜವಾ ಎರಡೂ ಬಯಲಾಗುತ್ತಿತ್ತು.

ಪ್ರಶ್ನೆ: ನಾನು ಸರ್ಕಾರಿ ನೌಕರ. ಬಡ್ತಿ ಪಟ್ಟಿ ಹೊರಬೀಳುವ ಸಮಯಕ್ಕೆ ಸರಿಯಾಗಿ ಮೂಗರ್ಜಿ ಬರುವುದು ನಮ್ಮಲ್ಲಿ ಮಾಮೂಲಿ. ಜಡ್ಜ್‌ಗಳ ವಿಷಯದಲ್ಲೂ ಹೀಗೇ ಆದರೆ? — ಓದುಗರು, ಹಾವೇರಿ

ನಿಮ್ಮ ಭಯ ನ್ಯಾಯವಾದದ್ದೇ. ಇದಕ್ಕೂ ಕರ್ನಾಟಕದ್ದೇ ಉದಾಹರಣೆ ಇದೆ, ಆದರೆ ಅದು ಮೂಗರ್ಜಿ ಅಲ್ಲ.

2016ರಲ್ಲಿ ಜಿಲ್ಲಾ ನ್ಯಾಯಾಧೀಶ ಪಿ. ಕೃಷ್ಣ ಭಟ್ ಅವರ ಹೆಸರು ಹೈಕೋರ್ಟ್‌ಗೆ ಶಿಫಾರಸಾಗಿತ್ತು. ಅವರ ವಿರುದ್ಧ ಮಹಿಳಾ ನ್ಯಾಯಾಂಗ ಅಧಿಕಾರಿಯೊಬ್ಬರ ದೂರು ಇತ್ತು. ಆಗ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಟಿ.ಎಸ್. ಠಾಕೂರ್. 2009ರ ಆ ಐದು ಹೆಸರುಗಳಲ್ಲಿ ಒಬ್ಬರು, ಹಿಂದೆ ನಮ್ಮ ಹೈಕೋರ್ಟ್‌ನಲ್ಲೂ ಜಡ್ಜ್ ಆಗಿದ್ದವರು. ವಿಚಾರಿಸಿ ಹೇಳಿ ಎಂದು ಅವರು ಇಲ್ಲಿನ ಮುಖ್ಯ ನ್ಯಾಯಮೂರ್ತಿ ಎಸ್.ಕೆ. ಮುಖರ್ಜಿ ಅವರಿಗೆ ತಿಳಿಸಿದರು. ಆರೋಪದಲ್ಲಿ ಹುರುಳಿಲ್ಲ ಎಂದು ವರದಿ ಬಂತು. 2017ರಲ್ಲಿ ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಕಳಿಸಿತು.

ಮತ್ತೆ ಕಳಿಸಿದ ಹೆಸರನ್ನು ಕೇಂದ್ರ ಸರ್ಕಾರ ಒಪ್ಪಲೇಬೇಕು, 1993ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನಿಯಮ ಅದು. ಒಪ್ಪಲಿಲ್ಲ. ಬದಲಿಗೆ ಕೊಲಿಜಿಯಂ ತಲೆಯ ಮೇಲಿಂದಲೇ ದಾಟಿ, ಆಗ ಹೊಸದಾಗಿ ಬಂದಿದ್ದ ಇಲ್ಲಿನ ಮುಖ್ಯ ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿ ಅವರಿಗೆ ಕಾನೂನು ಇಲಾಖೆ ನೇರವಾಗಿ ಪತ್ರ ಬರೆದು ಮತ್ತೆ ವಿಚಾರಿಸಿ ಎಂದಿತು. ಇದನ್ನು ನೋಡಿ 2018ರ ಮಾರ್ಚ್‌ನಲ್ಲಿ ಕೊಲಿಜಿಯಂ ಸದಸ್ಯರಾಗಿದ್ದ ನ್ಯಾಯಮೂರ್ತಿ ಜೆ. ಚಲಮೇಶ್ವರ್ ಸುಪ್ರೀಂ ಕೋರ್ಟ್‌ನ ಎಲ್ಲ ಜಡ್ಜ್‌ಗಳಿಗೂ ಖಾರವಾದ ಪತ್ರ ಬರೆದರು. ಸಂದೇಹ ಇದ್ದರೆ ಸರ್ಕಾರ ನಮ್ಮನ್ನು ಕೇಳಬೇಕಿತ್ತು, ಹೈಕೋರ್ಟ್ ಜೊತೆ ಹೀಗೆ ನೇರ ವ್ಯವಹಾರ ಮಾಡಬಾರದು ಎಂಬುದು ಅವರ ವಾದ. ನ್ಯಾಯಾಂಗ ಮತ್ತು ಸರ್ಕಾರದ ನಡುವಿನ ಇಂಥ ಸಲುಗೆ ಪ್ರಜಾಪ್ರಭುತ್ವಕ್ಕೇ ಮುಳುವು ಎಂದೂ ಬರೆದರು. ಆಮೇಲೆ ಮತ್ತೆ ಎಳೆದಾಟ. ಕೊನೆಗೆ ಕೃಷ್ಣ ಭಟ್ ಹೈಕೋರ್ಟ್ ಜಡ್ಜ್ ಆಗಿದ್ದು 2020ರಲ್ಲಿ.

ನಾಲ್ಕು ವರ್ಷ. ಹೈಕೋರ್ಟ್‌ನಲ್ಲಿ 62ಕ್ಕೆ ನಿವೃತ್ತಿ, ಜಿಲ್ಲಾ ನ್ಯಾಯಾಧೀಶರು ಅಲ್ಲಿಗೆ ಬರುವುದೇ ವಯಸ್ಸು ಐವತ್ತು ದಾಟಿದ ಮೇಲೆ. ಅವರ ಪಾಲಿಗೆ ನಾಲ್ಕು ವರ್ಷ ಅಂದರೆ ಹೆಚ್ಚುಕಡಿಮೆ ಅರ್ಧ ಅವಧಿ. ಆದರೆ ನಾನು ಇಲ್ಲಿ ದೂರು ಕೊಟ್ಟವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ವರದಿ ಮುಚ್ಚಿದ ಲಕೋಟೆಯಲ್ಲಿ ಬಂದು ಮುಚ್ಚಿದ ಲಕೋಟೆಯಲ್ಲೇ ಉಳಿದರೆ, ತನ್ನ ಮಾತನ್ನು ಸರಿಯಾಗಿ ಕೇಳಿದರಾ ಅನ್ನುವುದು ದೂರುದಾರರಿಗೆ ತಿಳಿಯುವುದು ಹೇಗೆ? ತನ್ನ ಮೇಲಿನ ಅಧಿಕಾರಿಯ ವಿರುದ್ಧ ಹೆಸರು ಹಾಕಿ ದೂರು ಕೊಡುವುದು ಸುಲಭದ ಕೆಲಸ ಅಲ್ಲ, ಕೋರ್ಟ್ ಒಳಗಂತೂ ಅಲ್ಲವೇ ಅಲ್ಲ. ಹೆಸರುಗಳನ್ನು ಮರೆಮಾಡಿ, ಕಾರಣ ಸಮೇತ ಎರಡು ಪುಟದ ಸಾರಾಂಶವನ್ನು ಹೊರಗೆ ಬಿಟ್ಟಿದ್ದರೆ ಇಬ್ಬರಿಗೂ ನ್ಯಾಯ ಸಿಗುತ್ತಿತ್ತು, ಸರ್ಕಾರಕ್ಕೆ ಫೈಲ್ ಮೇಲೆ ಕೂರಲು ನೆಪವೂ ಸಿಗುತ್ತಿರಲಿಲ್ಲ.

ಪ್ರಶ್ನೆ: ಕೋರ್ಟ್‌ಗೆ ಹೋಗಿ ಜಡ್ಜ್ ನೇಮಕವನ್ನೇ ತಡೆಯಲು ಆಗುತ್ತಾ? — ಕಾನೂನು ವಿದ್ಯಾರ್ಥಿನಿ, ಧಾರವಾಡ

ಆಗಿದೆ. 1992ರಲ್ಲಿ ಗುವಾಹಟಿ ಹೈಕೋರ್ಟ್‌ಗೆ ಕೆ.ಎನ್. ಶ್ರೀವಾಸ್ತವ ಎಂಬುವವರ ನೇಮಕಕ್ಕೆ ರಾಷ್ಟ್ರಪತಿ ಸಹಿ ಬಿದ್ದ ಮೇಲೂ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅವರ ಮೇಲೆ ಹಣ ದುರುಪಯೋಗದ ಆರೋಪಗಳೂ ಇದ್ದವು, ಆದರೆ ನೇಮಕ ಬಿದ್ದದ್ದು ಆ ಕಾರಣಕ್ಕಲ್ಲ. ಸಂವಿಧಾನದ 217ನೇ ವಿಧಿ ಕೇಳುವ ಅರ್ಹತೆಯೇ ಅವರಿಗೆ ಇರಲಿಲ್ಲ. ಅರ್ಹತೆ ಇದೆಯಾ ಅಂತ ಕೋರ್ಟ್ ನೋಡುತ್ತದೆ, ಯೋಗ್ಯರಾ ಅಂತ ನೋಡುವುದು ಕೊಲಿಜಿಯಂಗೆ ಬಿಟ್ಟದ್ದು. 2023ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್‌ಗೆ ವಿಕ್ಟೋರಿಯಾ ಗೌರಿ ನೇಮಕವಾದಾಗಲೂ ಅಷ್ಟೇ. ಅವರ ಹಳೆಯ ಭಾಷಣಗಳನ್ನು ಹಿಡಿದು ವಕೀಲರು ಸುಪ್ರೀಂ ಕೋರ್ಟ್‌ಗೆ ಹೋದರು, ಅತ್ತ ಚೆನ್ನೈನಲ್ಲಿ ಪ್ರಮಾಣವಚನ ನಡೆಯುತ್ತಿತ್ತು, ಇತ್ತ ದೆಹಲಿಯಲ್ಲಿ ಅದೇ ಬೆಳಿಗ್ಗೆ ಅರ್ಜಿ ವಜಾ ಆಯಿತು. ಇದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಯೋಗ್ಯತೆಯ ಪ್ರಶ್ನೆ ಕೊಲಿಜಿಯಂ ಒಳಗೇ ಮುಗಿಯಬೇಕು ಅನ್ನುವುದಾದರೆ, ಅಲ್ಲಿಗೆ ಆಕ್ಷೇಪ ಸಲ್ಲಿಸಲು ಜನರಿಗೆ ಒಂದು ಬಾಗಿಲು, ಒಂದು ಗಡುವು ಇರಬೇಕಲ್ವಾ? ಹೆಸರು ಹೊರಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಪ್ರಶ್ನೆ: ನನ್ನ ಬಳಿ ಜಡ್ಜ್ ಒಬ್ಬರ ಬಗ್ಗೆ ದಾಖಲೆ ಇದೆ. ವಾಟ್ಸಾಪ್‌ನಲ್ಲಿ ಹಾಕಿದರೆ ನ್ಯಾಯಾಂಗ ನಿಂದನೆ ಆಗುತ್ತಾ? ಎಲ್ಲಿಗೆ ಕೊಡಬೇಕು? — ಹೆಸರು ಬೇಡ ಎಂದ ಓದುಗರು

ದಯವಿಟ್ಟು ವಾಟ್ಸಾಪ್‌ಗೆ ಹಾಕಬೇಡಿ. ನಿಂದನೆ ಪ್ರಕರಣದಲ್ಲಿ ಆರು ತಿಂಗಳ ತನಕ ಜೈಲು ಇದೆ, ಅದಕ್ಕಿಂತ ಹೆಚ್ಚಾಗಿ ನಿಮ್ಮ ದಾಖಲೆಯ ಬೆಲೆಯೇ ಹಾಳಾಗುತ್ತದೆ. ಕೆಳಗಿನ ಕೋರ್ಟ್ ನ್ಯಾಯಾಧೀಶರ ಬಗ್ಗೆ ಆದರೆ ಹೈಕೋರ್ಟ್‌ನ ವಿಚಕ್ಷಣಾ ರಿಜಿಸ್ಟ್ರಾರ್‌ಗೆ ಕೊಡಿ. ಒಳ್ಳೆಯ ಉದ್ದೇಶದಿಂದ ಹೀಗೆ ಹೈಕೋರ್ಟ್‌ಗೆ ದೂರು ಕೊಟ್ಟರೆ ಅದು ನಿಂದನೆ ಅಲ್ಲ ಎಂದು 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಹೈಕೋರ್ಟ್ ಜಡ್ಜ್ ಬಗ್ಗೆ ಆದರೆ ಅಲ್ಲಿನ ಮುಖ್ಯ ನ್ಯಾಯಮೂರ್ತಿಗೆ ಇಲ್ಲವೇ ಭಾರತದ ಮುಖ್ಯ ನ್ಯಾಯಮೂರ್ತಿಗೆ ಬರೆಯಿರಿ. ಹೆಸರು, ವಿಳಾಸ ಹಾಕಿ. ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಜೊತೆಗಿಡಿ, ಅದಿಲ್ಲದ ದೂರು ಮೂಲೆ ಸೇರುವುದೇ ಜಾಸ್ತಿ. ತೀರ್ಪು ನಿಮಗೆ ಒಪ್ಪಿಗೆಯಾಗಿಲ್ಲ ಅನ್ನುವುದನ್ನು ಇದರಲ್ಲಿ ಬೆರೆಸಬೇಡಿ, ಅದಕ್ಕೆ ಮೇಲ್ಮನವಿ ಇದೆ. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಮೂಲ ದಾಖಲೆ ಯಾರಿಗೂ ಕೊಡಬೇಡಿ, ಪ್ರತಿ ಸಾಕು. ಎರಡು ತಿಂಗಳಾದರೂ ಉತ್ತರ ಬರದಿದ್ದರೆ ಆ ಚೀಟಿಯ ದಿನಾಂಕ ಹಾಕಿ ಮತ್ತೊಂದು ಪತ್ರ ಬರೆಯಿರಿ.